ಶುಕ್ರವಾರ ತೆಗೆಯದ ಪಟ್ಟಿ

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಹುಡುಗಿಯ ಮುಖ ನೋಡುವುದಿಲ್ಲ, ಬಾಗಿಲ ಮೇಲಿನ ಅಂಕಿ ನೋಡುತ್ತಾರೆ. ಒಂದೋ ಎರಡೋ ಇದ್ದರೆ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ. ಎಂಟೋ ಒಂಬತ್ತೋ ಇದ್ದರೆ "ಇಲ್ಲೇ ಹಾಯ್ದು ಹೊಂಟಿದ್ವಿ, ಮಾತಾಡ್ಸಿ ಹೋಗೂಣಂತ ಬಂದ್ವಿ" ಎಂದು ನೀರು ಕುಡಿದು ಎದ್ದುಬಿಡುತ್ತಾರೆ. ಮನೆ ದಿನಕ್ಕೆ ಎಷ್ಟು ಗಾಳಿ ತೆಗೆದುಕೊಳ್ಳುತ್ತದೆ ಎಂದು ತೋರಿಸುವ ಅಂಕಿ ಅದು. ಕಡಿಮೆ ಇದ್ದಷ್ಟೂ ಮನೆತನ ದೊಡ್ಡದು. ಈ ಪದ್ಧತಿ ಹೇಗೆ ಶುರುವಾಯಿತು ಎಂದು ಕೇಳಿದರೆ ಊರಲ್ಲಿ ಯಾರಿಗೂ ನೆನಪಿಲ್ಲ. ನನಗಿದೆ. ಶುರು ಮಾಡಿದವಳು ನಾನೇ.

ನನ್ನ ಹೆಸರು ಜಗದೇವಿ. ಮನೆ ಸೋರುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುವುದು ನನ್ನ ಕೆಲಸ. ಮಳೆನೀರಿನ ಸೋರಿಕೆ ಅಲ್ಲ, ಗಾಳಿಯ ಸೋರಿಕೆ. ಕಾಗಿಣಾ ಹೊಳೆಯ ದಂಡೆಯ ಈ ಸುಣ್ಣದಗುಡ್ಡದಲ್ಲಿ ನಮ್ಮ ಅಜ್ಜ ಮುತ್ತಜ್ಜಂದಿರೆಲ್ಲ ಕಲ್ಲು ಒಡೆದವರು. ಅವರು ಒಡೆದರು, ಅವರ ಮಕ್ಕಳು ಯಂತ್ರ ತಂದು ಇನ್ನೂ ಆಳಕ್ಕೆ ಒಡೆದರು. ಹೊಳೆ ಒಣಗಿ ಬಿಸಿಲು ಐವತ್ತು ದಾಟಿದ ಮೇಲೆ ಖಣಿಗಳ ತಳದಲ್ಲಿ ಬಿದ್ದಿದ್ದ ಪುಡಿಯೆಲ್ಲ ಎದ್ದು ನಿಂತಿತು. ಬಿಳಿಗಾಳಿ ಎಂದು ಹೆಸರಿಟ್ಟೆವು. ಮೊದಲು ಹೋಳಿ ಹುಣ್ಣಿಮೆಯಿಂದ ಜೂನಿನ ಮಿರಗದ ಮಳೆಯ ತನಕ ಬೀಸುತ್ತಿತ್ತು. ಈಗ ಮಳೆ ಬಂದರೂ ನಿಲ್ಲುವುದಿಲ್ಲ. ಮುಖಕವಚ ಇಲ್ಲದೆ ಒಂದು ವರ್ಷ ಹೊರಗೆ ದುಡಿದವನ ಎದೆಯಲ್ಲಿ ಸುಣ್ಣದ ಗೋಡೆ ಎದ್ದಿರುತ್ತದೆ.

ಅದಕ್ಕೇ ಗುಡ್ಡದ ಮೇಲೆ ಗಾಳಿಮನೆ ಕಟ್ಟಿದರು. ಅಲ್ಲಿ ಗಾಳಿಯನ್ನು ಸೋಸಿ, ತಂಪು ಮಾಡಿ, ಕೊಳವೆಯಲ್ಲಿ ಊರಿಗೆಲ್ಲ ಹಂಚುತ್ತಾರೆ. ನೀರಿಗೆ ನಳ ಇದ್ದ ಹಾಗೆ ಗಾಳಿಗೂ ನಳ. ಮನೆಯ ಮುಂದಿನ ಗೋಡೆಯ ಮೇಲ್ಭಾಗದಲ್ಲಿ ಗಾಳಿ ಒಳಗೆ ಬರುತ್ತದೆ. ಹಿಂದಿನ ಗೋಡೆಯಲ್ಲಿ ಅಂಗೈ ಅಗಲದ ಒಂದು ಕಿಂಡಿ, ಹೊರಗಡೆಗೆ ಮಾತ್ರ ತೆರೆಯುವ ಮುಚ್ಚಳ. ನಾವು ಉಸಿರಾಡಿ ಬಿಟ್ಟ ಗಾಳಿ ಅಲ್ಲಿಂದ ಆಚೆ ಹೋಗುತ್ತದೆ. ಅದಕ್ಕೆ ಬಿಡುಗಿಂಡಿ ಅನ್ನುತ್ತೇವೆ. ಒಳಗಿನ ಒತ್ತಡ ಯಾವಾಗಲೂ ಹೊರಗಿಗಿಂತ ಒಂದು ಕೂದಲೆಳೆ ಜಾಸ್ತಿ ಇರುವುದರಿಂದ ಧೂಳು ಒಳಗೆ ನುಸುಳುವುದಿಲ್ಲ. ಒಂದೇ ಷರತ್ತು: ಬಿಡುಗಿಂಡಿ ಬಿಟ್ಟು ಮನೆ ಬೇರೆಲ್ಲೂ ಸೋರಬಾರದು. ಚೌಕಟ್ಟಿನ ಸಂದು, ಮಾಳಿಗೆಯ ಕಲ್ಲಿನ ಕೂಡುಗೆರೆ, ಕರೆಂಟಿನ ವೈರು ತೂರುವ ತೂತು, ಎಲ್ಲ ಬಿಗಿಯಾಗಿರಬೇಕು. ಮನೆಯೇ ಇರಲಿ, ಅಂಗಡಿಯೇ ಇರಲಿ, ಪಾಸಾಗದಿದ್ದರೆ ನಳ ಇಲ್ಲ.

ಪರೀಕ್ಷೆ ಹೀಗೆ. ಮುಂಬಾಗಿಲಿಗೆ ದಪ್ಪ ಬಟ್ಟೆಯ ಪರದೆ ಬಿಗಿದು, ಅದರ ನಡುವೆ ದೊಡ್ಡ ಫ್ಯಾನು ಕೂರಿಸುತ್ತೇನೆ. ಅದು ಮನೆಯ ಗಾಳಿಯನ್ನು ಹೊರಕ್ಕೆ ಎಳೆಯುತ್ತದೆ. ಆಗ ಎಲ್ಲಿ ಸಂದಿದೆಯೋ ಅಲ್ಲಿಂದ ಹೊರಗಿನ ಗಾಳಿ ನುಗ್ಗುತ್ತದೆ. ನಾನು ಊದಿನಕಡ್ಡಿ ಹಚ್ಚಿಕೊಂಡು ಗೋಡೆಗುಂಟ ನಡೆಯುತ್ತೇನೆ. ಹೊಗೆ ನೆಟ್ಟಗೆ ಏರಿದರೆ ಗೋಡೆ ಸರಿ. ಬಾಗಿದರೆ ಅಲ್ಲಿ ಬಿರುಕಿದೆ. ಬಿಡುಗಿಂಡಿಯ ಮುಚ್ಚಳದ ಅಂಚಿನಿಂದ ಗಾಳಿ ನುಸುಳಿದರೂ ಲೆಕ್ಕ ತಪ್ಪುತ್ತದೆ. ಅದಕ್ಕೆ ಪರೀಕ್ಷೆಗೆ ಮುಂಚೆ ಅದರ ಮೇಲೆ ಕೆಂಪು ಅಂಟುಪಟ್ಟಿ ಹಚ್ಚಬೇಕು, ಮುಗಿದ ಮೇಲೆ ಕಿತ್ತುಹಾಕಬೇಕು. ನನಗೆ ಇದನ್ನೆಲ್ಲ ಯಾರೂ ಕಾಲೇಜಿನಲ್ಲಿ ಕಲಿಸಲಿಲ್ಲ. ಮಶಾಕಸಾಬ ಅಂತ ಸುಣ್ಣದ ಗಾರೆಯ ದೊಡ್ಡ ಮೇಸ್ತ್ರಿ, ಅವರ ಕೈಕೆಳಗೆ ಗಾರೆ ಹೊರುತ್ತಿದ್ದವಳು ನಾನು. ಯಂತ್ರದ ಜೊತೆ ಬಂದ ಪುಸ್ತಕದ ಚಿತ್ರ ನೋಡಿ ನೋಡಿ ಕಲಿತೆ. ನಾನು ಬಿರುಕು ತೋರಿಸಬೇಕು, ಮಶಾಕ ಚಾಚಾ ಕರಣೆ ಹಿಡಿದು ಅದನ್ನು ಮುಚ್ಚಬೇಕು. ಹತ್ತು ವರ್ಷ ಹಾಗೇ ದುಡಿದೆವು.

ಮನೆಯಲ್ಲಿಯೂ ಕಡ್ಡಿ ಹಚ್ಚಿ ಅಭ್ಯಾಸ ಮಾಡುತ್ತಿದ್ದೆ. ಎಂಟು ವರ್ಷದ ನನ್ನ ಮಗಳು ಸುವ್ವಿ ತೊಡೆಯ ಮೇಲೆ ಕೂತು ನೋಡುವವಳು.

"ಅವ್ವಾ, ಹೊಗಿಗಿ ಹಾದಿ ಯಾರ್ ಹೇಳ್ತಾರ?"

"ಗಾಳಿ ಹೇಳ್ತದ."

"ಗಾಳಿಗಿ?"

"ಒತ್ತಡ ಹೇಳ್ತದ."

"ಒತ್ತಡಕ್ಕ ಮನಿ ಯಾವ ಕಡಿ ಅದ ಅಂತ ಹೆಂಗ್ ಗೊತ್ತು?"

ಗಾಳಿಮನೆಯ ನಿಯಂತ್ರಣ ಕೋಣೆಯಲ್ಲಿ ಪಾಳಿ ಮಾಡುವ ನನ್ನ ಗಂಡ ರೇವಣಸಿದ್ಧ ನಗುತ್ತಿದ್ದ. "ಎಲ್ಲಾರ ಮನ್ಯಾಗ ಒಂದೇ ಬಿಡುಗಿಂಡಿ. ನಮ್ಮನ್ಯಾಗ ಎರಡ. ಇಕಿ ಬಾಯಿಗಿ ಮುಚ್ಚಳಾನೇ ಇಲ್ಲ."

ಆ ಬಾಯಿಯೇ ನನ್ನ ಆಸ್ತಿ. ನಾನು ಓದಲಿಲ್ಲ. ಇವಳು ಕೇಳಿ ಕೇಳಿಯೇ ಎಲ್ಲಿಗೋ ಹೋಗುತ್ತಾಳೆ ಅಂದುಕೊಂಡಿದ್ದೆ.

*

ನಿಂಬೆವ್ವನ ಮನೆಯ ಪರೀಕ್ಷೆ ನಡೆದದ್ದು ಒಂದು ಶುಕ್ರವಾರ. ಆಕೆಯ ಮಗ ಚಂದ್ರಾಮಪ್ಪ ಸಾಲಿ ಮಾಸ್ತರ. ಹೊಸ ಮನೆ ಹೊಗುವ ಮುಹೂರ್ತವೂ ಅವತ್ತೇ ಇತ್ತು. ಮಾಳಿಗೆಯ ಮೂಲೆಯಲ್ಲಿ ಹೊಗೆ ಬಾಗುತ್ತಲೇ ಇತ್ತು, ಚಾಚಾ ಮೂರು ಸಲ ಗಾರೆ ಮೆತ್ತಿದರು. ಪಾಸಾಗುವ ಹೊತ್ತಿಗೆ ಸಂಜೆಯಾಗಿ ನಿಂಬೆವ್ವ ಆಯಿ ದೀಪ ಹಚ್ಚಿಬಿಟ್ಟಿದ್ದಳು. ನಾನು ಸ್ಟೂಲು ಹತ್ತಿ ಬಿಡುಗಿಂಡಿಯ ಪಟ್ಟಿಗೆ ಕೈಹಾಕಿದೆ.

"ಏನ್ ಮಾಡ್ಲಕತ್ತಿ ಯವ್ವಾ?"

"ಪಟ್ಟಿ ತೆಗೀಲಕತ್ತೀನ್ರಿ ಆಯಿ. ಮನ್ಯಾನ ಗಾಳಿ ಹೊರಗ ಹೋಗ್ಬೇಕಲ್ಲ."

"ಶುಕ್ರಾರ ದೀಪ ಹಚ್ಚಿದ ಮ್ಯಾಲ?" ಆಯಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಹೆಪ್ಪಿಗಿ ಮಜ್ಜಿಗಿ ಕೇಳಿದ್ರೂ ಇವತ್ತ ಮನಿಯಿಂದ ಹೊರಗ ಕೊಡಲ್ಲ ನಾವು. ಹೊಕ್ಕ ದಿನಾನೇ ಗಾಳಿ ಹೊರಗ ಕಳಸ್ತೀಯಾ? ಈಗಿನ ಕಾಲದಾಗ ಗಾಳಿನೇ ಲಕ್ಷ್ಮಿ ಅಲ್ಲೇನ ನಮ್ಮವ್ವಾ?"

ಚಾಚಾ ಕರಣೆ ತೊಳೆಯುತ್ತ ನಕ್ಕರು. "ಕೇಳ್ದಿಲ್ಲೋ ಬೇಟಿ? ಹತ್ತ್ ವರ್ಷದಿಂದ ಊರಾನ ಲಕ್ಷ್ಮಿನ್ನ ಹೊರಗ ಹಾಕ್ಲಕತ್ತಾಕಿ ನೀನೇ ಅಂತ."

"ನಾಳಿ ಬಂದ್ ತೆಗಿಯವ್ವ. ಒಂದ್ ರಾತ್ರಿಗಿ ಏನಾಗ್ತದ?"

ಒಂದು ರಾತ್ರಿಗೆ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ನನ್ನವ್ವನೂ ಶುಕ್ರವಾರ ಸಂಜೆ ಕಸ ಸಹ ಹೊರಗೆ ಹಾಕುತ್ತಿರಲಿಲ್ಲ. ಇಳಿದೆ. ಆಯಿ ತಾನೇ ಸ್ಟೂಲು ಹತ್ತಿ ಆ ಕೆಂಪು ಪಟ್ಟಿಗೆ ಅರಿಶಿನ ಕುಂಕುಮ ಹಚ್ಚಿದಳು. ನನ್ನ ಉಡಿಗೆ ಕುಪ್ಪಸದ ಬಟ್ಟೆ, ಕಾಯಿ ಹಾಕಿದಳು.

ಮರುದಿನ ಬಿಳಿಗಾಳಿ ಜೋರಾಗಿ ಮೂರು ದಿನ ಯಾರೂ ಹೊರಗೆ ಬರಬಾರದೆಂದು ಸಾರಿದರು. ನಾಲ್ಕನೆಯ ದಿನ ಗಂಡನಿಗೆ ಬುತ್ತಿ ಕೊಟ್ಟು ಅಲ್ಲಿಂದಲೇ ನಿಂಬೆವ್ವನ ಮನೆಗೆ ಹೋಗೋಣವೆಂದು ಗುಡ್ಡ ಹತ್ತಿದೆ. ನಿಯಂತ್ರಣ ಕೋಣೆಯ ಗೋಡೆಯ ತುಂಬ ಊರಿನ ನಕ್ಷೆ, ಮನೆಗೊಂದು ದೀಪ. ಇಂಜಿನಿಯರ್ ವಿರೂಪಾಕ್ಷಯ್ಯ ಸಾಹೇಬರು ಒಂದು ದೀಪದ ಕೆಳಗೆ ಕೈಕಟ್ಟಿ ನಿಂತಿದ್ದರು.

"ಒಂದು! ರೇವಣಸಿದ್ಧ, ಊರೆಲ್ಲ ಎಂಟು, ಒಂಬತ್ತು. ಈ ಮನೆ ಒಂದೇ ಒಂದು. ಆದರೂ ಒತ್ತಡ ಎಷ್ಟು ಸರಿಯಾಗಿದೆ ನೋಡು. ಎಲ್ಲರೂ ಹೀಗೆ ಕಟ್ಟಿದರೆ ಹೊಳೆ ದಂಡೆಯ ತಗಡಿನ ಶೆಡ್ಡಿನವರಿದ್ದಾರಲ್ಲ, ಆ ಸಾವಿರ ಮನೆಗೂ ನಳ ಕೊಡಬಹುದು. ಪರೀಕ್ಷೆ ಮಾಡಿದವರು ಯಾರು?"

"ನಮ್ಮಾಕಿನೇ ಅದಾಳ್ರಿ, ಸಾಹೇಬ್ರ." ನನ್ನ ಗಂಡನ ಮುಖ ನೋಡಬೇಕಿತ್ತು.

ನಿಂಬೆವ್ವನ ಮನೆ ಬಿಗಿಯಾಗಿದ್ದದ್ದಕ್ಕೆ ಗಾಳಿ ಕಡಿಮೆ ತೆಗೆದುಕೊಂಡಿರಲಿಲ್ಲ, ತೆಗೆದುಕೊಳ್ಳಲು ಆಗಿರಲಿಲ್ಲ. ಹೋಗುವ ಹಾದಿ ಮುಚ್ಚಿದರೆ ಬರುವ ಹಾದಿಯೂ ಮುಚ್ಚಿದಂತೆಯೇ. ತುಂಬಿದ ಕೊಡಕ್ಕೆ ನೀರು ಸುರಿದರೆ ಎಷ್ಟು ಹಿಡಿದೀತು? ಗೋಡೆಯ ಆ ದೀಪಗಳು ಅಳೆಯುವುದು ಒತ್ತಡವನ್ನು, ಉಸಿರನ್ನಲ್ಲ. ಇಷ್ಟು ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಶೆಡ್ಡಿನಲ್ಲಿ ಕವಚ ಕಟ್ಟಿಕೊಂಡು ಮಲಗುವ ಮಕ್ಕಳು ಕಣ್ಣ ಮುಂದೆ ಬಂದರು. ಗಂಡನ ಮುಖವೂ ಇತ್ತು. ಬುತ್ತಿ ಕೊಟ್ಟು ಇಳಿದು ಬಂದೆ.

ನಿಂಬೆವ್ವನ ಮನೆಗೆ ಹೋದಾಗ ಬಾಗಿಲ ಮೇಲಿನ ಒಂದು ಎಂಬ ಅಂಕಿ ನೋಡಲು ಜಾತ್ರೆಯಷ್ಟು ಜನ. ಪಟ್ಟಿಗೆ ಹೂವಿನ ಹಾರ ಬಿದ್ದಿತ್ತು. ಅದನ್ನು ಮುಟ್ಟದೆ ವಾಪಸು ಬಂದೆ. ಮುಂದಿನ ವಾರ ಓಣಿಯ ಆರು ಮನೆ, ತಿಂಗಳೊಳಗೆ ಇಡೀ ಪೇಟೆ. ಪಟ್ಟಿ ಸಿಗದವರು ಮೇಣ ಹಾಕಿದರು, ಸಗಣಿ ಮೆತ್ತಿದರು. ಶ್ರಾವಣ ಬರುವಷ್ಟರಲ್ಲಿ ಗಾಳಿಮನೆ ನಡೆಸುವ ಗಾಳಿ ಸಮಿತಿಯವರೇ ಬಿಡುಗಿಂಡಿಯ ಮೇಲೆ ಗಾರೆ ಹಾಕಿಸಿಕೊಳ್ಳಿ ಎಂದು ಡಂಗುರ ಹೊಡೆಸಿದರು. ನನಗೆ ಶಾಲು ಹೊದಿಸಿದರು. ಹೊದ್ದುಕೊಂಡೆ.

*

ಯಾರೂ ಸಾಯಲಿಲ್ಲ. ಸತ್ತಿದ್ದರೆ ಗೊತ್ತಾಗುತ್ತಿತ್ತು. ದಿನಕ್ಕೆ ನಾಲ್ಕು ಸಲ ಬಾಗಿಲು ತೆರೆದು ಮುಚ್ಚುವಾಗ ಒಂದಿಷ್ಟು ಗಾಳಿ ಬದಲಾಗುತ್ತದೆ, ಜೀವ ಹಿಡಿದುಕೊಳ್ಳಲು ಅಷ್ಟು ಸಾಕು. ಹೊರಗೆ ದುಡಿಯುವ ನನಗೂ ಚಾಚಾಗೂ ಮೊದಲು ಕಂಡದ್ದು ಬೇರೆ.

"ಒಂದ್ ಮಾತ್ ನೋಡೀದಿ ಏನ್ ಬೇಟಿ?" ಚಾಚಾ ಒಂದು ದಿನ ಛಾದ ಅಂಗಡಿಯಲ್ಲಿ ಪಿಸುಗುಟ್ಟಿದರು. "ಊರಾಗ ಜಗಳಾನೇ ಇಲ್ಲ. ಮೊನ್ನಿ ಈ ಅಂಗಡ್ಯಾಂವ ಛಾದಾಗ ಸಕ್ರಿ ಬದ್ಲಿ ಉಪ್ಪ ಹಾಕಿ ಕೊಟ್ಟಾನ. ಹತ್ತ್ ಮಂದಿ ಕುಡದ್ರು. ಒಬ್ಬರೂ ಥೂ ಅನ್ಲಿಲ್ಲ."

ನಗು ಬಂತು. ಆಮೇಲೆ ಬರಲಿಲ್ಲ. ಸುವ್ವಿಯ ಲೆಕ್ಕದ ನೋಟುಬುಕ್ಕು ನೋಡಿದೆ. ಚಂದ್ರಾಮಪ್ಪ ಮಾಸ್ತರರು ಸೋಮವಾರ ಕೊಟ್ಟ ಲೆಕ್ಕವನ್ನೇ ಮಂಗಳವಾರವೂ ಕೊಟ್ಟಿದ್ದರು, ಬುಧವಾರವೂ ಕೊಟ್ಟಿದ್ದರು. ಮೂರು ದಿನವೂ ಸುವ್ವಿ ತಪ್ಪು ಮಾಡಿದ್ದಳು. ಮೂರು ದಿನವೂ ಅವರು ಸರಿ ಎಂದು ಗುರುತು ಹಾಕಿದ್ದರು.

ಯಂತ್ರದ ಪೆಟ್ಟಿಗೆಯ ತಳದಲ್ಲಿ ಒಂದು ಪುಟ್ಟ ಅಳತೆಯಂತ್ರ ಯಾವಾಗಲೂ ಬಿದ್ದಿರುತ್ತಿತ್ತು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ, ಅಂದರೆ ನಾವೇ ಬಿಟ್ಟ ಉಸಿರು ಎಷ್ಟು ಕೂಡಿದೆ ಎಂದು ಅದು ಹೇಳುತ್ತದೆ. ಹೊರಗೆ ಹಿಡಿದೆ: ಹತ್ತು ಲಕ್ಷಕ್ಕೆ ಐದು ನೂರು. ನಿಂಬೆವ್ವನ ಮನೆಯಲ್ಲಿ ಹಿಡಿದೆ: ಐದು ಸಾವಿರದ ಇನ್ನೂರು. ಸಾವಿರ ದಾಟಿದರೆ ತಲೆ ಭಾರ, ಅದರ ಮೇಲೆ ಏರಿದಂತೆ ನಿದ್ದೆ, ಮರೆವು, ಯಾವುದೂ ಬೇಡ ಎನ್ನಿಸುವುದು. ಹೀಗೆಂದು ಪುಸ್ತಕದಲ್ಲಿ ಚಿತ್ರವೇ ಇತ್ತು. ತೂಕಡಿಸುವ ಒಬ್ಬ ಮನುಷ್ಯ. ಆ ಪುಟವನ್ನು ನಾನು ಹತ್ತು ವರ್ಷ ಹಾರಿಸಿಕೊಂಡು ಬಂದಿದ್ದೆ.

"ಪಟ್ಟಿ ತೆಗೀಲಿ ಏನ್ರಿ ಆಯಿ?" ಎಂದೆ.

"ಇವತ್ತ ಶುಕ್ರಾರ ಅಲ್ಲೇನ ಯವ್ವಾ?" ಎಂದಳು ನಿಂಬೆವ್ವ. ಅವತ್ತು ಬುಧವಾರ. ಅವಳಿಗೆ ದಿನವೂ ಶುಕ್ರವಾರವಾಗಿತ್ತು.

ಗಾಳಿಮನೆಗೆ ಓಡಿದೆ. ಸಾಹೇಬರು ಕೂರಿಸಿ ಕೇಳಿದರು. ಅವರ ಕೋಣೆಯ ಬಿಡುಗಿಂಡಿಗೂ ಗಾರೆ ಬಿದ್ದಿತ್ತು. ನಾನು ತುಂಬಿದ ಕೊಡದ ಉಪಮೆ ಹೇಳಿದೆ, ಅಳತೆಯಂತ್ರ ಮೇಜಿನ ಮೇಲಿಟ್ಟೆ. ಆ ಶುಕ್ರವಾರದ ಸಂಗತಿಯನ್ನೂ ಬಿಚ್ಚಿದೆ. ತಪ್ಪು ನಂದು, ಶಾಲು ವಾಪಸು ತಗೊಳ್ಳಿ, ಕಿಂಡಿ ತೆರೆಸಿ ಎಂದೆ.

"ಹೌದು ಜಗದೇವಿ, ಇದು ಗಂಭೀರ ವಿಷಯ," ಎಂದರು ಸಾಹೇಬರು. "ಬರೆದುಕೊಡು. ನಾಳೆಯೇ ಆದೇಶ ಹೊರಡಿಸುತ್ತೇನೆ."

ಬರೆದುಕೊಟ್ಟೆ. ಮರುದಿನ ಹೋದರೆ ಅವರು ಅದೇ ನಗುಮುಖದಿಂದ "ಏನು ಜಗದೇವಿ, ಅಪರೂಪಕ್ಕೆ ಬಂದೆ?" ಎಂದರು. ಮತ್ತೆ ಹೇಳಿದೆ. "ಗಂಭೀರ ವಿಷಯ. ಬರೆದುಕೊಡು." ಐದನೆಯ ಸಲ ನನ್ನ ಕಾಗದ ತೆಗೆದುಕೊಂಡು ಮೇಜಿನ ಸೆಳೆಖಾನೆ ಎಳೆದರು. ಒಳಗೆ ನನ್ನವೇ ನಾಲ್ಕು ಕಾಗದಗಳು ಒಂದರ ಮೇಲೊಂದು ನೀಟಾಗಿ ಜೋಡಿಸಿದ್ದವು. ಐದನೆಯದನ್ನೂ ಅಂಚು ಸರಿಮಾಡಿ ಇಟ್ಟರು. ಆ ಮನುಷ್ಯ ಕೆಟ್ಟವನಲ್ಲ. ಅದೇ ನನಗೆ ತಡೆಯಲಾಗದೆ ಹೋಯಿತು.

ಊರು ಬಿಟ್ಟು ಬೇರೆಲ್ಲಾದರೂ ಹೋಗೋಣವೆಂದರೆ, ಕಲ್ಲಿನ ಲಾರಿಯ ಡ್ರೈವರ್ ಹೇಳಿದ: "ನಿಮ್ಮೂರ ಒಂದಕ್ಕ ಕುಣೀತೀರಿ ಏನ್ರಿ ಅಕ್ಕಾ? ಮುಂದಿನೂರಿಗಿ ಹೋಗಿ ನೋಡ್ರಿ, ಅರ್ಧಕ್ಕ ಇಳಿಸ್ಯಾರ."

ದೀಪಾವಳಿಯ ಹೊತ್ತಿಗೆ ಚಾಚಾನ ಎದೆ ಸುಣ್ಣವಾಗಿತ್ತು. ಇನ್ನು ಹೊರಗಿನ ಕೆಲಸ ಬೇಡವೆಂದು ಸಮಿತಿಯವರು ಅವರಿಗೆ ಹೊಸ ಕಾಲೊನಿಯಲ್ಲಿ ಮನೆ ಕೊಟ್ಟರು. ಅಂಕಿ ಒಂದು. ಹೊಸ್ತಿಲಲ್ಲಿ ನಿಂತು ನನ್ನ ಕೈ ಹಿಡಿದರು. "ಬೇಟಿ, ಒಳಗ ಹೋದ್ರ ತಲಿ ಹೋಗ್ತದ. ಹೊರಗಿದ್ರ ಎದಿ ಹೋಗ್ತದ. ಎದಿ ನೋವು ಭಾಳ ಅದ, ತಲಿ ನೋವಾಗಂಗಿಲ್ಲ ಅಂತಾರ." ಅದೇ ಅವರ ಕೊನೆಯ ಹಾಸ್ಯ. ಒಳಗೆ ಹೋದರು.

*

ನಮ್ಮ ಮನೆಯ ಬಿಡುಗಿಂಡಿಯನ್ನು ನಾನು ಮುಚ್ಚಿಸಿರಲಿಲ್ಲ. ಬಾಗಿಲ ಮೇಲೆ ಒಂಬತ್ತು ಹೊತ್ತುಕೊಂಡೇ ಓಣಿಯಲ್ಲಿ ತಲೆ ತಗ್ಗಿಸಿ ನಡೆದೆ. ಸಾಲೆಯಲ್ಲಿ ಏನಾದರೂ ಆಗಲಿ, ಮನೆಯಲ್ಲಿ ಹದಿನಾರು ತಾಸು ಚೊಕ್ಕ ಗಾಳಿ ಸಿಕ್ಕರೆ ಸುವ್ವಿ ಉಳಿಯುತ್ತಾಳೆ ಎಂದುಕೊಂಡಿದ್ದೆ. ಆದರೂ ಅವಳ ಪ್ರಶ್ನೆ ಕಡಿಮೆಯಾಗುತ್ತ ಬಂತು. ಹತ್ತಿದ್ದದ್ದು ಐದಾಯಿತು, ಆಮೇಲೆ ಒಂದು. ಒಂದು ವಾರ ಒಂದೂ ಇಲ್ಲ. ನಾಚಿಕೆಗೆ ನಾನು ಬಾಗಿಲ ಮೇಲಿನ ಅಂಕಿ ನೋಡುವುದನ್ನೇ ಬಿಟ್ಟಿದ್ದೆ. ಸ್ಟೂಲು ಹತ್ತಿ ನೋಡಿದೆ. ಬಿಡುಗಿಂಡಿ ಇದ್ದಲ್ಲಿ ನುಣ್ಣನೆಯ ಸುಣ್ಣದ ಚಕ್ರ.

"ನಾನೇ ಹಾಕ್ಸೀನಿ," ಎಂದ ರೇವಣಸಿದ್ಧ. ಧ್ವನಿಯಲ್ಲಿ ಬರೀ ಪ್ರೀತಿ. "ನೀ ಹೊರಗ್ ಹೋಗಿದ್ದಿ. ನಮ್ಮನಿ ದೀಪ ಒಂದೇ ಕೆಂಪಗ ಉರೀತಿತ್ತು. ನಿನಗ ಮಂದಿ ನಗ್ತಾರಂತ ನನಗ ಕೆಟ್ಟ ಅನ್ನಸ್ತಿತ್ತು."

ಅವತ್ತೇ ಉಳಿ, ಸುತ್ತಿಗೆ ತಂದು ಒಡೆದೆ. ಅಂಕಿ ಮತ್ತೆ ಒಂಬತ್ತಕ್ಕೆ ಏರಿತು. ಸುವ್ವಿಯನ್ನು ಸಾಲೆಗೆ ಕಳಿಸಲಿಲ್ಲ. ಎರಡು ದಿನ ಮಲಗಿಯೇ ಇದ್ದಳು. ಮೂರನೆಯ ದಿನ ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದಾಗ ಬೆನ್ನ ಹಿಂದೆ ಬಂದು ನಿಂತಳು.

"ಅವ್ವಾ, ರೊಟ್ಟಿ ಉಬ್ಬಿದಾಗ ಒಳಗ ಇರೋ ಗಾಳಿ ಯಾರದು?"

ಹಿಟ್ಟಿನ ಕೈಯಲ್ಲೇ ಅವಳನ್ನು ತಬ್ಬಿಕೊಂಡು ಅತ್ತೆ. ಹೋಗಿರಲಿಲ್ಲ ನನ್ನ ಮಗಳು. ಒಳಗೇ ಇದ್ದಳು. ಮೂರು ದಿನದ ಗಾಳಿ, ಅಷ್ಟೇ ಸಾಕಿತ್ತು.

ಅವತ್ತು ಮಧ್ಯಾಹ್ನ ಓಣಿಯವರೆಲ್ಲ ಬಂದರು. ಜಗಳಕ್ಕಲ್ಲ. ಜಗಳಕ್ಕೆ ಬಂದಿದ್ದರೆ ನಾನೂ ಜಗಳವಾಡುತ್ತಿದ್ದೆ. ತಟ್ಟೆಯಲ್ಲಿ ಅರಿಶಿನ ಕುಂಕುಮ, ಕಾಯಿ, ಕುಪ್ಪಸದ ಬಟ್ಟೆ. ಮುಂದೆ ನಿಂಬೆವ್ವ. "ಪಾಪ, ನಿಮ್ಮನಿ ಸೋರ್ಲಕತ್ತದಂತ ರೇವಣಸಿದ್ಧ ಹೇಳಿ ಕಳಸ್ಯಾನ. ನಮ್ಮ ಜಗದೇವಿ ಮನಿ ಸೋರಿದ್ರ ನಾವ್ ಸುಮ್ಮ ಕೂಡ್ತೀವೇನ?"

ನಾನು ಗೋಡೆಗೆ ಬೆನ್ನು ಕೊಟ್ಟು ನಿಂತೆ. ಬೇಡ ಎಂದೆ, ಕೈಮುಗಿದೆ, ಕೂಗಿದೆ, ಬೈದೆ. ಅವರು ನಗುತ್ತಲೇ ಇದ್ದರು. ಇಬ್ಬರು ನನ್ನ ಕೈ ಹಿಡಿದು, ಮದುಮಗಳನ್ನು ಕೂರಿಸುವ ಹಾಗೆ ಮೆತ್ತಗೆ ಕೆಳಗೆ ಕೂರಿಸಿ ಉಡಿ ತುಂಬಿದರು. ಗುಂಪು ಸರಿದಾಗ ಕಂಡದ್ದು ಮಶಾಕ ಚಾಚಾ. ಕೈಯಲ್ಲಿ ಅದೇ ಹಳೆಯ ಕರಣೆ.

"ಚಾಚಾ! ನೀವರೆ ಹೇಳ್ರಿ ಇವರಿಗಿ. ನಿಮಗ ಗೊತ್ತದಲ್ಲ."

ಅವರು ನನ್ನನ್ನೇ ನೋಡಿದರು. ಯಾವುದೋ ಒಂದು ಮಾತು ಹತ್ತಿರ ಬಂದು, ದಾರಿ ಸಿಗದೆ ಹಿಂದಕ್ಕೆ ಹೋದಂತಿತ್ತು. ಆಮೇಲೆ ಕೈ ತಾನೇ ಗಾರೆಗೆ ಹೋಯಿತು. ಆ ಕೈಗೆ ಮರೆವು ಬಂದಿರಲಿಲ್ಲ. ಎರಡೇ ಸಲ ಎಳೆದರು. ಅಷ್ಟು ಚಂದದ ಗಾರೆ ಅವರು ಅದಕ್ಕೂ ಮೊದಲು ಎಲ್ಲಿಯೂ ಮಾಡಿರಲಿಲ್ಲ.

ಮತ್ತೆ ಒಡೆದೆ. ಈ ಸಲ ಮರುದಿನವೇ ಬಂದರು. ಮೂರನೆಯ ಸಲ ಒಡೆದಾಗ ಅವತ್ತೇ ಸಂಜೆಯ ಮುಂಚೆ ಬಂದರು. ಕೆಂಪು ದೀಪ ಕಂಡ ಕೂಡಲೇ ರೇವಣಸಿದ್ಧ ಹೇಳಿ ಕಳಿಸುತ್ತಾನೆ. ಅದು ಅವನ ಕೆಲಸ, ಅದನ್ನವನು ಮರೆಯುವುದಿಲ್ಲ. ಪ್ರತಿ ಸಲವೂ ಕಾಯಿ, ಕುಪ್ಪಸದ ಬಟ್ಟೆ, ಅದೇ ಮಾತು, ಅದೇ ನಗು. ಪೆಟ್ಟಿಗೆಯಲ್ಲಿ ನಾಲ್ಕು ಬಟ್ಟೆಗಳಿವೆ. ಗೋಡೆಯ ಮೇಲೆ ಒಂದರ ಮೇಲೊಂದು ಬಿಳಿ ಚಕ್ರ.

ನಾಲ್ಕನೆಯದು ಇವತ್ತಿನದು. ಒಡೆದು ಅರ್ಧ ತಾಸು ಆಗಿರಲಿಲ್ಲ. ಗಾರೆ ಮೆತ್ತಿ ಆದ ಮೇಲೆ ನಿಂಬೆವ್ವ, "ಕಡ್ಡಿ ಹಚ್ಚಿ ನೋಡವ್ವ, ಪಾಸಾಯ್ತೋ ಇಲ್ಲೋ ಅಂತ ನೀನೇ ಹೇಳ್ಬೇಕಲ್ಲ" ಎಂದಳು. ಉಳಿ ಅಡುಗೆಮನೆಯಲ್ಲಿದೆ. ಎದ್ದು ಹೋಗಿ ತರಬೇಕು ಅಂದುಕೊಂಡೆ. ಹಣೆ ಭಾರವಾಗಿತ್ತು. ಉಳಿಗಿಂತ ಊದಿನಕಡ್ಡಿ ಹತ್ತಿರವಿತ್ತು.

ಹಚ್ಚಿದೆ. ಹೊಗೆ ಕಂಬದ ಹಾಗೆ ನೆಟ್ಟಗೆ ನಿಂತಿತು, ಎಡಕ್ಕಿಲ್ಲ, ಬಲಕ್ಕಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಾಚಾ ಕರಣೆಯನ್ನು ಲುಂಗಿಗೆ ಒರೆಸಿಕೊಂಡರು. ಒಬ್ಬೊಬ್ಬರಾಗಿ ಹೋದರು. ಬಾಗಿಲು ಮುಚ್ಚಿತು.

ಸುವ್ವಿ ಬಂದು ತೊಡೆಯ ಮೇಲೆ ಕೂತಳು. ಮೊದಲಿನ ಹಾಗೆಯೇ ಹೊಗೆಯ ಕಡೆ ನೋಡಿದಳು. ನಾನು ಕಡ್ಡಿಯನ್ನು ಅವಳ ಮುಖದ ಹತ್ತಿರ ಹಿಡಿದೆ.

"ನೋಡ್ ಸುವ್ವಿ, ಹೊಗಿ. ಏನರೆ ಕೇಳ್ತೀ?"

"ಚಂದ ಅದ," ಎಂದಳು.

ಕಾದೆ. ಬೂದಿ ಉದ್ದಕ್ಕೆ ಬೆಳೆದು ಬಾಗಿ ನನ್ನ ಅಂಗೈ ಮೇಲೆ ಬಿತ್ತು. ಕೆಂಡ ಬೆರಳಿನ ತನಕ ಬಂತು. ಅವಳು ಏನೂ ಕೇಳಲಿಲ್ಲ.